ಅಣ್ಣನ ಹೆಸರಿಗೆ ಕೊಟ್ಟ ಉಗುಳು

ಮುಂಬಯಿಯ ಕಾಂದಿವಲಿಯಿಂದ ಆಸ್ಪತ್ರೆಗೆ ಹೋಗಿಬರಲು ಲೋಕಲ್ ರೈಲಿಗೆ ಒಂದು ರೂಪಾಯಿಯೊಳಗೇ ಆಗುತ್ತಿತ್ತು. ಪರೀಕ್ಷೆ ಪುಕ್ಕಟೆ. ತುಟ್ಟಿಯಾದದ್ದು ಒಂದು ದಿನದ ಕೂಲಿ. ಎಪ್ಪತ್ತಮೂರನೇ ಇಸವಿಯಲ್ಲಿ ಕಟ್ಟಡದ ಕೆಲಸಕ್ಕೆ ನಮಗೆ ದಿನಕ್ಕೆ ಐದು ರೂಪಾಯಿ. ಸ್ಲ್ಯಾಬ್ ಹಾಕುವ ದಿನ ಎಂಟು, ಮೇಲೊಂದು ಊಟ. ಗುರುವಾರ ಸ್ಲ್ಯಾಬಿತ್ತು. ಅಣ್ಣನನ್ನು ಆಸ್ಪತ್ರೆಗೆ ಕರೆದದ್ದೂ ಗುರುವಾರವೇ.

ಅಣ್ಣ ಮರೆಪ್ಪನ ಎಡಗೆನ್ನೆಯೊಳಗೆ, ತಂಬಾಕು ಸುಣ್ಣ ಇಡುವ ಜಾಗದಲ್ಲಿ, ಬಿಳಿ ಮಚ್ಚೆ ಎದ್ದಿತ್ತು. ಡಾಕ್ಟರು ಉಗುಳು ಪರೀಕ್ಷೆಗೆ ಚೀಟಿ ಬರೆದುಕೊಟ್ಟಿದ್ದರು. ಬಾಯಿ ಒಳಗೊಳಗೇ ಕೆಡತೊಡಗಿದರೆ ಉಗುಳಿನಲ್ಲಿ ಎಂಜೈಮ್ ಎನ್ನುವುದು ಹೆಚ್ಚುತ್ತದಂತೆ. ಹೆಚ್ಚಿದ್ದರೆ ಮಚ್ಚೆಯ ಚೂರು ತೆಗೆದು ನೋಡುತ್ತೇವೆ ಎಂದಿದ್ದರು.

ನಾನು ಕಾಲಿಗೆ ಮೊಳೆ ಚುಚ್ಚಿಸಿಕೊಂಡು ಮನೆಯಲ್ಲಿ ಕೂತಿದ್ದೆ.

“ಲೇ ಖಂಡ್ಯಾ, ನೀ ಹೋಗಿ ಉಗುಳಿ ಬಾ. ಸ್ಲ್ಯಾಬ್ ಬಿಡಾಕಾಗೂದಿಲ್ಲ ನಂಗ.”

“ನನ್ನ ಉಗುಳು ನಡೀತೈತೇನು?”

“ಹಾಜರಿಗೆ ನಡೀತೈತಿ, ಇದಕ್ಕ ನಡೆಯಂಗಿಲ್ಲಾ? ಒಂದ ತಾಯಿ ಮಕ್ಕಳು!”

ಕೆಲಸದಲ್ಲಿ ನಾವು ಹಾಗೇ ಮಾಡುತ್ತಿದ್ದೆವು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಹೆಸರಿಗೆ ಓಗೊಟ್ಟು ದುಡಿಯುತ್ತಿದ್ದ. ಹಾಜರಿ ಹಿಡಿಯುವ ಮುಕಾದಮ ಗನಿಸಾಬನಿಗೆ ಗೊತ್ತಿದ್ದರೂ ತಲೆ ಲೆಕ್ಕ ಸರಿಯಾದರೆ ಸಾಕಿತ್ತು.

ಲ್ಯಾಬಿನ ಪ್ರಫುಲ್ಲಾ ಬಾಯಿ ಮಂಗಳೂರ ಕಡೆಯವರು. “ಮರೆಪ್ಪ ಯಾರು ಮಾರಾಯ್ರೆ?” ಎಂದರು.

“ಹಾಜರ್ ರೀ!”

“ಇದೆಂಥ ಶಾಲೆಯಾ?” ಎಂದು ನಕ್ಕು ಗಾಜಿನ ನಳಿಕೆ ಕೊಟ್ಟರು. ನಾನು ಉಗುಳಿದೆ. ನಾನು ಹುಟ್ಟಿದಾಗಿನಿಂದ ತಂಬಾಕು ಮುಟ್ಟಿದವನಲ್ಲ.

ವಾರದ ಮೇಲೆ ಅಣ್ಣನೇ ಹೋದ. ಎಂಜೈಮ್ ಹೆಚ್ಚಿಲ್ಲ, ತಂಬಾಕು ಬಿಡು, ಮೂರು ತಿಂಗಳಿಗೆ ಬಾ ಅಂದರಂತೆ. ಮನೆಗೆ ಬಂದು ಹೆಂಡತಿ, ನಮ್ಮ ವೈನಿ ಹಾಲವ್ವನ ಮುಂದೆ ಬಾಯಿ ತೆರೆದು ನಿಂತ.

“ನೋಡ, ಸ್ವಚ್ಛ ಐತಂತ.”

“ಸ್ವಚ್ಛ ಬಾಯಾಗ ಅಷ್ಟು ಬೈಗಳ ಎಲ್ಲಿಂದ ಬರತಾವು?”

ಎಲ್ಲರೂ ನಕ್ಕೆವು. ಯಾರ ಉಗುಳು ಅದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಸ್ವಚ್ಛ ಎಂಬ ಮಾತನ್ನು ನಂಬಿದೆವು. ಅಣ್ಣ ತಂಬಾಕು ಬಿಡಲಿಲ್ಲ, ಮೂರು ತಿಂಗಳಿಗೆ ಹೋಗಲೂ ಇಲ್ಲ.

ಏಳನೆಯ ತಿಂಗಳು ಅವನ ಬಾಯಿ ಎರಡು ಬೆರಳಗಲವೂ ತೆರೆಯದಾಯಿತು. ಮಚ್ಚೆಯ ಜಾಗದಲ್ಲಿ ಹುಣ್ಣು. ಈ ಸಲ ನಾನೂ ಜೊತೆಗೆ ಹೋದೆ. ಚೂರು ತೆಗೆದು ನೋಡಿ, ಕ್ಯಾನ್ಸರ್ ಅಂದರು. ಡಾಕ್ಟರು ಹಳೆಯ ಕಾಗದ ತಿರುವಿಹಾಕಿ, ಆಗ ಎಂಜೈಮ್ ಅಷ್ಟು ಕಡಿಮೆ ಹೇಗೆ ಬಂತೆಂದು ಕೇಳಲು ಪ್ರಫುಲ್ಲಾ ಬಾಯಿಯನ್ನು ಕರೆಸಿದರು.

ಅವರು ಬಂದವರೇ ಅಣ್ಣನನ್ನು ದಾಟಿ ನನ್ನ ಮುಂದೆ ನಿಂತರು. “ಏನು ಮರೆಪ್ಪ, ನೀವು ಆರಾಮ ಇದ್ದೀರಲ್ಲ?”

ಅವರು ಒಮ್ಮೆ ಅಣ್ಣನನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

“ನಾನಽ ಕಳಿಸಿದ್ದೆ ರೀ ಬಾಯಾರ,” ಎಂದ ಅಣ್ಣ, ಅರ್ಧ ತೆರೆದ ಬಾಯಲ್ಲೇ. “ಅವನ್ನ ಬೈಬ್ಯಾಡ್ರಿ.”

ದವಡೆ ತೆಗೆದರು. ಅಣ್ಣ ಹನ್ನೊಂದು ತಿಂಗಳು ಗಂಜಿ ಕುಡಿದು ಬದುಕಿದ. ಮೊದಲೇ ಚೂರು ತೆಗೆದಿದ್ದರೆ ಉಳಿಯುತ್ತಿದ್ದನೋ ಏನೋ. ಆ ಪರೀಕ್ಷೆಯಿಂದ ನನ್ನ ಬಾಯಿ ಚೆನ್ನಾಗಿದೆ ಎಂದು ಗೊತ್ತಾಯಿತು. ಅಣ್ಣ ಹೋದ.