ಮೊದಲ ಮಾತು ಗಿಡ್ಡಮ್ಮನದು

ಮಾದಿಹಳ್ಳಿಯ ಕಾನ್ವೆಂಟ್ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ವರ್ಷವೇ ಸಿಸ್ಟರ್ ಬೆನೆಡಿಕ್ಟಾ ಎರಡು ಹಳೆಯ ಪದ್ಧತಿಗಳನ್ನು ಕಿತ್ತುಹಾಕಿದ್ದರು. ಧರ್ಮೋಪದೇಶದ ತರಗತಿಯಲ್ಲಿ ಪ್ರಶ್ನೋತ್ತರ ಉರು ಹೊಡೆಸುವುದು ಒಂದು. ಅದರ ಬದಲು ಬೈಬಲ್ಲಿನ ಕಥೆ ಹೇಳಿ, ಮಕ್ಕಳಿಂದ ಅವರದೇ ಮಾತಿನಲ್ಲಿ ತಿರುಗಿ ಹೇಳಿಸುತ್ತಿದ್ದರು. ಇನ್ನೊಂದು, ಸಿಬ್ಬಂದಿ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಒಬ್ಬರೇ ಮಾತಾಡಿ ಉಳಿದವರು ತಲೆಯಾಡಿಸುವುದು. ಈಗ ಶನಿವಾರದ ಸಭೆಯಲ್ಲಿ ಮೊದಲ ಮಾತು ಆಯಾ ಗಿಡ್ಡಮ್ಮನದು. ಆಮೇಲೆ ವ್ಯಾನ್ ಡ್ರೈವರ್ ರವಿಕುಮಾರನದು, ಶಿಕ್ಷಕರದು. ಸಿಸ್ಟರದು ಕಟ್ಟಕಡೆಗೆ.

ಇದೆಲ್ಲ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಬಿಷಪ್ಪರ ಧರ್ಮಪ್ರಾಂತ್ಯದ ಕಚೇರಿಯಿಂದ ಫಾದರ್ ಇನ್ನಾಸಪ್ಪ ಬಂದರು. ಮಕ್ಕಳು ಹೇಳಿದ ಕಥೆ ಕೇಳಿದರು. “ಪುಸ್ತಕದ ಹಾಗಿಲ್ಲವಲ್ಲ” ಎಂದಷ್ಟೇ ಹೇಳಿ ಸಭೆಗೆ ನಡೆದರು.

ಬಾಗಿಲ ಬಳಿ ಗಣಿತದ ದೇವರಾಜ್ ಮೇಷ್ಟ್ರು ಗಿಡ್ಡಮ್ಮನನ್ನು ತಡೆದು ಪಿಸುಗುಟ್ಟುತ್ತಿದ್ದರು: “ಎರಡು ಒಳ್ಳೇ ಮಾತಾಡಿ ಕೂತ್ಕೋ ತಾಯಿ. ಇಲ್ಲಾಂದ್ರೆ ಎಲ್ಲಾ ಹಾಳಾಗುತ್ತೆ.”

ಸಿಸ್ಟರ್ ಕಿವಿಗೆ ಅದು ಬಿತ್ತು. “ಹೇಳಿಕೊಡಬೇಡಿ ಮೇಷ್ಟ್ರೇ. ಹೇಳಿಕೊಟ್ಟ ಉತ್ತರ ಬೇಡ ಅಂತಾನೇ ಇಷ್ಟೆಲ್ಲ ಮಾಡಿದ್ದು ನಾವು.”

ಸಭೆ ಶುರುವಾದಾಗ ಗಿಡ್ಡಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತಳು. “ನಂದೊಂದು ತಕರಾರೈತೆ ಫಾದ್ರೇ. ಕಥೆ ಶುರುವಾದ್ರೆ ನಮ್ ಸಿಸ್ಟರಮ್ಮಂಗೆ ಊಟದ ಗಂಟೆ ಕಿವಿಗೇ ಬೀಳಾಕಿಲ್ಲ. ಎಲ್ರೂ ಕೂಡಿ ಪ್ರಾರ್ಥನೆ ಮಾಡ್ದೆ ಉಣ್ಣಂಗಿಲ್ಲ ಅಂತಾರೆ. ಅತ್ಲಾಗೆ ಒಂದ್ನೇ ಕ್ಲಾಸಿನ ಐಕ್ಳು ತಟ್ಟೆ ಮುಂದೆ ಬಾಯಿ ಬಿಟ್ಕಂಡು ಕೂತಿರ್ತವೆ. ಅನ್ನ ಆರೋಗ್ತೈತೆ.”

“ಸಿಸ್ಟರ್ ಕಥೆ ಹಳೇಬೀಡಿನ ದೇವಸ್ಥಾನದಂಗೆ,” ರವಿಕುಮಾರ ಸೇರಿಸಿದ. “ಕೆತ್ತಿದ್ದೂ ಕೆತ್ತಿದ್ದೇ. ಮುಗ್ಸೋ ಮಾತೇ ಇಲ್ಲ.”

ದೇವರಾಜ್ ಮೇಷ್ಟ್ರು ಹಣೆ ಹಿಡಿದುಕೊಂಡರು. ಸಿಸ್ಟರ್ ಮುಖ ಬಿಸಿಯೇರಿತು. ಆದರೂ ತಾವೇ ಮಾಡಿದ ನಿಯಮ, ತಮ್ಮ ಸರದಿ ಬರುವವರೆಗೆ ತುಟಿ ಬಿಚ್ಚಲಿಲ್ಲ. ಸರದಿ ಬಂದಾಗ ಎದ್ದರು. “ಗಿಡ್ಡಮ್ಮ ಹೇಳಿದ್ದು ಸರಿ. ಸೋಮವಾರದಿಂದ ಗಂಟೆ ಹೊಡೆದ ಕೂಡಲೇ ನಿಲ್ಲಿಸ್ತೀನಿ.” ಅಷ್ಟೇ. ತಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ.

ಫಾದರ್ ಗಿಡ್ಡಮ್ಮನ ಕಡೆ ತಿರುಗಿದರು. “ಹೆಡ್ ಎದುರಿಗೇ ಹೀಗೆ ಹೇಳ್ತೀಯಲ್ಲಮ್ಮ, ಭಯ ಇಲ್ವಾ?”

“ಹಿಂದ್ಗಡೆ ಹೇಳಿದ್ರೆ ಅನ್ನ ಬಿಸಿಯಾಗ್ತೈತಾ ಫಾದ್ರೇ?”

ಫಾದರ್ ಹೊಟ್ಟೆ ಕುಲುಕಿಸಿ ನಕ್ಕರು. “ನಮ್ಮ ಕಚೇರಿಯಲ್ಲಿ ನನಗೆ ಹೀಗೆ ಹೇಳೋರು ಒಬ್ಬರೂ ಇಲ್ಲ,” ಎಂದರು. ಆಮೇಲೆ ಪೆನ್ನು ತೆಗೆದು, ಎರಡೂ ಪದ್ಧತಿ ಮುಂದುವರಿಯಲಿ ಎಂದು ಅಲ್ಲೇ ಬರೆದು ಸಹಿ ಹಾಕಿದರು.

ಸೋಮವಾರ ತರಗತಿಯಲ್ಲಿ, ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನ ಕಥೆ. ಪೂಜಾರಿ ನೋಡಿಯೂ ನೋಡದಂತೆ ಹೋದ, ಇನ್ನೊಬ್ಬನೂ ಹೋದ. ಮೂರನೆಯವನು ಬಂದು ಕತ್ತೆಯಿಂದ ಇಳಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಸಿಸ್ಟರ್ ಪುಸ್ತಕ ಮುಚ್ಚಿದರು.

“ಸಿಸ್ಟರ್, ಪಾಪ ಅವನಿನ್ನೂ ರೋಡಲ್ಲೇ ಬಿದ್ದವ್ನೆ!” ಎಂದು ಮುಂದಿನ ಬೆಂಚಿನ ರೆಜಿನಾ ಕೂಗಿಕೊಂಡಳು.

“ಹೇಗೆ ಎತ್ತಬೇಕು ಅಂತ ನೀವೇ ಯೋಚನೆ ಮಾಡಿ. ಈಗ ಅನ್ನ ಆರುತ್ತೆ, ನಡೀರಿ,” ಎನ್ನುತ್ತಾ ಸಿಸ್ಟರ್ ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿದರು.