ಹೇಮಕ್ಕನಿಗೆ ಕೊಡೆ ಇರಲಿಲ್ಲ

ಆ ಕೊಡೆ ಕೆಂಪಗೇ ಇರಬೇಕಿತ್ತು, ಬೇರೆ ಬಣ್ಣ ಆಗಿದ್ರೆ ನಾನು ಅಷ್ಟು ಅಳ್ತಿರ್ಲಿಲ್ಲ — ಜಗುಲಿಯ ಕಡೆಯಿಂದ ಒಬ್ಬ ಹೆಂಗಸಿನ ದನಿ, ಲೋಟಗಳ ಟ್ರೇ ಹಿಡಿದ ಪೂಜಿತಾ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು, ಕಾಫಿಯ ಆವಿ ಮುಖಕ್ಕೆ ಬಂತು, ಆವಿಯೋ ಮಂಜೋ, ಎರಡೂ ಒಂದೇ ಬಿಳಿ, ಹಿಂದಿನಿಂದ ಅಡುಗೆಯ ಬಸಮ್ಮ, ಏನೇ ನಿಂತ್ಕಂಡೆ, ಆರೋಗ್ತದೆ ತಕಂಡೋಗೇ, ಅವ್ರೇನ್ ನಿನ್ನ ತಿಂದಾಕಲ್ಲ. ತಿನ್ನುವವರಲ್ಲ, ಒಳ್ಳೆಯ ಜನ, ಹಾಸನದಿಂದ ಮೈಸೂರಿನಿಂದ ಬಂದವರು, ಓದುಗರ ಬಳಗವಂತೆ, ತಿಂಗಳಿಗೊಂದು ಕಾದಂಬರಿ ಓದಿ ಒಂದೆಡೆ ಕೂತು ಮಾತಾಡುತ್ತಾರಂತೆ, ಈ ಸಲದ ಕಾದಂಬರಿ ಈ ಊರಿನದೇ ಆದ್ದರಿಂದ ಪ್ರತಾಪಣ್ಣನ ಹೋಂಸ್ಟೇಗೇ ಬಂದಿಳಿದಿದ್ದಾರೆ, ಬೆಳಿಗ್ಗೆ ಜೀಪಿನಲ್ಲಿ ಹೋಗಿ ಎಸ್ಟೇಟ್ ರಸ್ತೆಯ ತಿರುವಿನಲ್ಲಿ, ಗೌರಿಯನ್ನು ಆನೆ ಕೊಂದ ಜಾಗದಲ್ಲಿ, ಫೋಟೋ ತೆಗೆಸಿಕೊಂಡು ಬಂದಿದ್ದಾರೆ. ಗೌರಿ ಅಂದರೆ ಹೇಮಕ್ಕ. ಪೂಜಿತಾಳ ಒಡಹುಟ್ಟಿದ ಅಕ್ಕ ಹೇಮಶ್ರೀಗೆ ಕಾದಂಬರಿಯಲ್ಲಿ ಇಟ್ಟ ಹೆಸರು. ಗೌರಿ ಗಣಪನ ತಾಯಿ ಅಲ್ವಾ ಸರ್, ಆನೆ ತನ್ನ ತಾಯೀನೇ ಕೊಂದ ಹಾಗಾಯ್ತು ನೋಡಿ, ಎಂಥಾ ಕಲ್ಪನೆ, ಅಂತ ಬೋಳುತಲೆಯ ಮೇಷ್ಟರೊಬ್ಬರು, ಅವರಿಗೆ ಸಕ್ಕರೆ ಇಲ್ಲದ್ದು ಕೊಡಬೇಕು, ಯಾವುದು ಸಕ್ಕರೆ ಇಲ್ಲದ್ದು, ಅಂಚಿನ ಲೋಟ — ನಂಗಂತೂ ನಿರಾಸೆ ಆಯ್ತಪ್ಪ, ಅಂದವನು ಗಡ್ಡದ ಹುಡುಗ, ಮೊದಲರ್ಧ ಚೆನ್ನಾಗಿದೆ, ಆಮೇಲೆ ಎಳೆದಿದ್ದಾರೆ, ಆನೆ ಬರೋ ಹೊತ್ತಿಗೆ ಯಾವಾಗ ಮುಗಿಯುತ್ತೋ ಅನ್ನಿಸಿಬಿಡ್ತು, ಎಲ್ಲರೂ ನಕ್ಕರು, ಪೂಜಿತಾ ಲೋಟ ಕೊಡುತ್ತಲೇ ಹೋದಳು, ಯಾವಾಗ ಮುಗಿಯುತ್ತೋ ಅಂತ ಅವಳಿಗೂ ಅನ್ನಿಸಿತ್ತು, ಆ ದಿನ ಕಾಫಿ ಗಿಡದ ಬುಡದಲ್ಲಿ ಮುದುರಿ ಕೂತವಳಿಗೆ. ಆದ್ರೆ ಗೌರಿ ಮಳೆಯಲ್ಲಿ ಆ ಕೊಡೆ ಹಿಡಿದು ಹಾಡಿಕೊಂಡು ಒಬ್ಬಳೇ ಹೋಗ್ತಾಳಲ್ಲ, ಅದೇ ಪುಸ್ತಕದ ಜೀವ, ಅಂದರು ಮೇಷ್ಟರು. ಒಬ್ಬಳೇ. ಹಾಡಿಕೊಂಡು. ಹೇಮಕ್ಕ ಹಾಡಿದರೆ ಮಲಗಿದ್ದ ನಾಯಿ ಎದ್ದು ಹೋಗುತ್ತಿತ್ತು, ಹಾಡು ಬಿಟ್ಟು ಅವಳ ಬಾಯಿ ಕೇಳಬೇಕಿತ್ತು, ಕಾಫಿ ಹಣ್ಣು ತೂಗುವಾಗ ಕೂಲಿ ಲೈನಿನ ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ಇವಳೊಬ್ಬಳು, ಏನ್ ರೈಟ್ರೇ, ನಿಮ್ ತಕ್ಕಡೀನೂ ನಿಮ್ ಮೀಸೆ ಥರ ಒಂದೇ ಕಡೀಕ್ ವಾಲ್ತದಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಸಿದ್ದಯ್ಯ ಕೈ ಎತ್ತಿಕೊಂಡು ಬರುವಷ್ಟರಲ್ಲಿ ತಾನೇ ನಕ್ಕುಬಿಟ್ಟಿದ್ದ. ಆ ನಗೆ ಪುಸ್ತಕದಲ್ಲಿ ಎಲ್ಲೂ ಇಲ್ಲ. ತಂಗಿಯೂ ಇಲ್ಲ.

ಕಾದಂಬರಿ ಬರೆದವರು ಕೆಟ್ಟವರಲ್ಲ, ಅಕ್ಕ ಹೋದ ಮೇಲೆ ಒಂದೇ ಒಂದು ಸಲ ಮನೆಗೆ ಬಂದಿದ್ದರು, ಚಾಪೆಯ ಮೇಲೆ ಕೂತು ಅವ್ವ ಕೊಟ್ಟ ಕಾಫಿ ಕುಡಿದರು, ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿಕೊಂಡರು, ಬಾಗಿಲ ಸಂದಿನಲ್ಲಿದ್ದ ಪೂಜಿತಾಳನ್ನು ನೋಡಿ, ಇವಳೂ ಜೊತೆಗಿದ್ದಳಾ, ಅಂದರು, ಇದ್ಲು ಸಾ, ಅವತ್ತಿಂದು ಏನ್ ಕೇಳಿದ್ರೂ ಬಾಯೇ ಬುಡಾಕಿಲ್ಲ, ತಿರುವು ದಾಟ್ಕಂಡ್ ಹೋಗ್ಬೇಕಲ್ಲ ಅಂತ ಸ್ಕೂಲೂ ಬುಟ್ಬುಟ್ಲು, ಅವಳ್ನೇನೂ ಕೇಳ್ಬೇಡಿ, ಅವ್ವ ಕೈ ಮುಗಿದಳು, ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೇ, ಹೇಳುತ್ತಿದ್ದಳೇನೋ, ಅಕ್ಕನ ಚೀಲದ ಬಣ್ಣವನ್ನಾದರೂ ಹೇಳುತ್ತಿದ್ದಳೇನೋ. ಪುಸ್ತಕ ಬಂದ ಮೇಲೆ ಅವ್ವನಿಗೆ ಓದಿ ಹೇಳಬೇಕಾದವಳು ಅವಳೇ, ಒಲೆಯ ಮುಂದೆ ಕೂತು ಒಂದೊಂದೇ ಪುಟ, ಕೊನೆಯಲ್ಲಿ ಗೌರಿಯ ತಾಯಿ ಗದ್ದೆಬದುವಿನ ಮೇಲೆ ಓಡಿ ಬರುತ್ತಾಳೆ, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ, ಗೌರಿ ಕಣ್ಣು ತೆರೆದು ಅಮ್ಮಾ ಅನ್ನುತ್ತಾಳೆ, ಅವ್ವ ಸೌಟು ಹಿಡಿದವಳು ಹಿಡಿದ ಹಾಗೇ, ನಾನು ಹೋಗಿದ್ನಾ, ಅಂದಳು, ಇದ್ರಲ್ಲಿ ಹಂಗೈತೆ ಕಣವ್ವ, ಇನ್ನೊಂದ್ಸಲ ಓದು, ಅಂದಳು ಅವ್ವ. ಅವ್ವ ಅವತ್ತು ಮಗ್ಗೆ ಊರಲ್ಲಿದ್ದಳು, ನೆಂಟರ ಮಗುವಿಗೆ ಹೆಸರಿಡುವ ಮನೆಯಲ್ಲಿ, ಬರುವಷ್ಟರಲ್ಲಿ ಹೆಣವನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು, ಆಮೇಲೆ ಎಷ್ಟು ದಿನ ಹೊಸಿಲ ಮೇಲೆ ಕೂತೇ ಬೆಳಕು ಹರಿಸಿದಳೋ, ಆ ಪುಟ ಕೇಳಿದ ದಿನ ಮಲಗಿದಳು, ಗೊರಕೆ ಹೊಡೆದು ಮಲಗಿದಳು, ಈಗ ಬಂದವರಿಗೆಲ್ಲ ಹೇಳುತ್ತಾಳೆ, ನನ್ ತೊಡೆ ಮ್ಯಾಲೇ ಕಣ್ರೀ, ಅಮ್ಮಾ ಅಂದ್ಲು. ಹೇಮಕ್ಕ ಹುಟ್ಟಿದಾಗಿನಿಂದ ಅವ್ವ ಅಂದವಳೇ ಹೊರತು ಒಂದು ದಿನವೂ ಅಮ್ಮ ಅಂದವಳಲ್ಲ, ಅದನ್ನು ಪೂಜಿತಾ ಹೇಳಿದರೆ ಅವ್ವ ಮತ್ತೆ ಹೊಸಿಲಿಗೆ ಹೋಗಿ ಕೂರುತ್ತಾಳೆ, ಹೇಳದೆ ಹೋದರೆ ನಿಜದ ಹೇಮಕ್ಕ ಹೋಗುತ್ತಾಳೆ, ಹೋಗುತ್ತಲೇ ಇದ್ದಾಳೆ, ಒಂದು ದಿನ ಪಾತ್ರೆ ತೊಳೆಯುವಾಗ ಪೂಜಿತಾಳ ಕಣ್ಣ ಮುಂದೆ ಆ ಕೊಡೆ ಸುಮ್ಮನೆ ಬಿಚ್ಚಿಕೊಂಡಿತು, ಇನ್ನೊಂದು ದಿನ ಮನೆಯ ಮೊಳೆಗೆ ನೇತುಹಾಕಿದ ಹಾಗೆ ಕಂಡಿತು, ಎದ್ದು ಹೋಗಿ ಮೊಳೆಯನ್ನು ಮುಟ್ಟಿ ನೋಡಿದಳು, ಬರೀ ಮೊಳೆ, ಅವರ ಮನೆಯಲ್ಲಿ ಕೆಂಪು ಕೊಡೆ ಯಾವ ಕಾಲಕ್ಕೂ ಇರಲಿಲ್ಲ.

ಮಳೆಯೂ ಇರಲಿಲ್ಲ, ಹಣ್ಣು ಕೊಯ್ಯುವ ಕಾಲದಲ್ಲಿ ಯಾರು ಕೊಡೆ ಹಿಡಿಯುತ್ತಾರೆ, ಮಂಜು ಇತ್ತು, ಎದುರಿನ ಸಿಲ್ವರ್ ಮರ ಕಾಣದಷ್ಟು ಮಂಜು, ರಜೆಯ ದಿನ, ಪೂಜಿತಾಳೂ ಕೊಯ್ಲಿಗೆ ಹೊರಟಿದ್ದಳು, ಮುಂದೆ ಹೇಮಕ್ಕ, ತಲೆಗೆ ಹಳೆಯ ಟವಲ್ಲು, ಹೆಗಲ ಮೇಲೆ ಹಣ್ಣು ತುಂಬುವ ಗೊಬ್ಬರದ ಖಾಲಿ ಚೀಲ, ನೀಲಿ, ನೀಲಿ ಚೀಲ, ಬಾಯಲ್ಲಿ ಸೀಬೆಕಾಯಿ, ಅರ್ಧ ಕಚ್ಚಿ ಹಿಂದಕ್ಕೆ ಕೈ ಚಾಚಿದಳು, ತಗಳೇ, ಹುಳ ಐತೆ, ನೋಡ್ಕಂಡ್ ತಿನ್ನು, ಇವಳು ಕಚ್ಚಿಕೊಂಡೇ, ಹುಳ ಇರದ್ನೆಲ್ಲ ನಂಗೇ ಕೊಡು ನೀನು, ಅಕ್ಕ ನಗುತ್ತ ತಿರುಗಿದಳು, ತಿರುಗಿದ ಮುಖ ನಗುವುದನ್ನು ಬಿಟ್ಟಿತು, ಇವಳ ಬೆನ್ನ ಹಿಂದೆ ಮಂಜು ಉಸಿರಾಡಿತು, ಅಕ್ಕ ರಟ್ಟೆ ಹಿಡಿದೆಳೆದು ಕಾಫಿ ಗಿಡದ ಒಳಕ್ಕೆ ನೂಕಿದಳು, ಬಾಯ್ ಬುಟ್ಟೀಯ ಮುಂಡೇದೇ — ಅಷ್ಟೇ, ಅದೇ ಕೊನೆಯ ಮಾತು, ಅಮ್ಮಾ ಅಲ್ಲ, ಹಾಡಲ್ಲ, ಆಮೇಲೆ ಹೋಯ್ ಹೋಯ್ ಎಂದು ಕೂಗುತ್ತ ಚೀಲ ಬೀಸಿಕೊಂಡು ರಸ್ತೆಯ ಕೆಳಕ್ಕೆ ಓಡಿದಳು, ಆನೆ ಅವಳ ಹಿಂದೆ ಹೋಯಿತು. ಪೂಜಿತಾ ಬಾಯಿ ಬಿಡಲಿಲ್ಲ. ಸೀಬೆಕಾಯಿ ಬಾಯಲ್ಲೇ ಇತ್ತು. ಆ ಬೆಳಗಿನ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ, ಅಕ್ಕ ಬಿಡು ಅಂದಿಲ್ಲವಲ್ಲ.

ಇವಳ ಅಕ್ಕಾನೇ ಕಣ್ರೀ ಆ ಗೌರಿ, ಪ್ರತಾಪಣ್ಣನ ದನಿ, ಹೆಮ್ಮೆಯಲ್ಲಿ, ಯಾವಾಗ ಬಂದು ಪಕ್ಕದಲ್ಲಿ ನಿಂತನೋ, ಗಡ್ಡದ ಹುಡುಗ ತಲೆ ತಗ್ಗಿಸಿದ, ಅತ್ತಿದ್ದೆ ಅಂದ ಹೆಂಗಸು ಎದ್ದು ಬಂದು ಅವಳ ಕೈ ಹಿಡಿದುಕೊಂಡಳು, ಬೆಚ್ಚಗಿನ ಕೈ, ಉಂಗುರ, ಅಯ್ಯೋ ಮಗು, ನಂಗೆ ಅವಳು ಎಷ್ಟು ಸಲ ಕನಸಲ್ಲಿ ಬಂದಿದ್ದಾಳೆ ಗೊತ್ತಾ, ಒಂದು ಕೇಳ್ಲಾ, ಆ ಕೊಡೆ ನಿಜವಾಗ್ಲೂ ಕೆಂಪಗಿತ್ತಾ? ಕೇಳಿದರು. ಕೊನೆಗೂ ಒಬ್ಬರು ಕೇಳಿದರು. ಕೊಡೆ ಇರಲಿಲ್ಲ ಎಂದರೆ ಸಾಕು, ಚೀಲ ಇತ್ತು ಎಂದರೆ ಸಾಕು, ಹೇಮಕ್ಕ ಎದ್ದು ಬರುತ್ತಾಳೆ ಟವಲ್ಲು ಕಟ್ಟಿಕೊಂಡು, ಪೂಜಿತಾ ಚೀಲ ತರಲು ಹೋದಳು, ನೆನಪಿನ ಆ ಬೆಳಗಿನೊಳಕ್ಕೆ, ಮಂಜು ಇದೆ, ತಿರುವು ಇದೆ, ಅಕ್ಕನ ಬೆನ್ನು ಇದೆ, ಹೆಗಲ ಮೇಲೆ, ಹೆಗಲ ಮೇಲೆ ಏನೂ ಇಲ್ಲ, ನೀಲಿ ಎಲ್ಲಿ, ಈಗ ತಾನೇ ಇತ್ತು, ಹಿಂದಕ್ಕೆ ಚಾಚಿದ ಕೈಯಲ್ಲಿ ಸೀಬೆಕಾಯಿ ಇರಬೇಕು, ಕೈಯಲ್ಲಿ ಕೊಡೆಯ ಬಾಗಿದ ಹಿಡಿ ಇದೆ, ಮಳೆ ಬರುತ್ತಿದೆ, ಆ ದಿನ ಮಳೆ ಇರಲಿಲ್ಲ, ಬರುತ್ತಿದೆ, ಯಾರೋ ಹಾಡುತ್ತಿದ್ದಾರೆ — ಹೂಂ, ಕೆಂಪಗೇ ಇತ್ತು. ಯಾರು ಅಂದದ್ದು, ತನ್ನದೇ ದನಿ, ಇಷ್ಟು ವರ್ಷದ ಮೇಲೆ ಆ ಬೆಳಗಿನ ಬಗ್ಗೆ ಬಾಯಿ ಬಿಟ್ಟು ಆಡಿದ್ದು, ಹೆಂಗಸಿನ ಕಣ್ಣಲ್ಲಿ ನೀರು, ಪ್ರತಾಪಣ್ಣ ತಲೆಯಾಡಿಸುತ್ತಿದ್ದಾನೆ, ಅಕ್ಕಾ, ಚೀಲ ಎಲ್ಲಿ ಹಾಕಿದ್ಯೇ, ಅಕ್ಕಾ — ಖಾಲಿ ರಸ್ತೆ, ಮಳೆ, ನಡುವೆ ಮಗುಚಿ ಬಿದ್ದ ಕೆಂಪು ಕೊಡೆ, ಹಿಡಿದವರಿಲ್ಲ, ಗಾಳಿಯಿಲ್ಲ, ತಿರುಗುತ್ತಿದೆ, ಕೆಂಪು ಕೊಡೆ, ತಿರುಗುತ್ತಿದೆ