ಕಲ್ಲಿನಲ್ಲಿ ಅಳುವವಳು

ನಮ್ಮ ಭಾವನವರಿಗೆ ಸಾಯುವ ಆತುರವೇನೂ ಇರಲಿಲ್ಲ, ಸಮಾಧಿ ಕಟ್ಟಿಸಿಕೊಳ್ಳುವ ಆತುರವಿತ್ತು. ಔಷಧಿ ಅಂಗಡಿ ಮಗನ ಕೈಗೆ ಹೋದ ಮೇಲೆ ಮನುಷ್ಯನಿಗೆ ಬೇರೆ ಕಸುಬಿಲ್ಲ ನೋಡಿ. ಊರಿನ ಹಳೆಯ ಸ್ಮಶಾನದಲ್ಲಿ ಅವರ ಮುತ್ತಜ್ಜ ಕೊಂಡಿಟ್ಟ ಜಾಗವೊಂದಿದೆ. ಅಕ್ಕನನ್ನೂ ನನ್ನನ್ನೂ ಒಬ್ಬ ಶಿಲ್ಪಿಯನ್ನೂ ಕಟ್ಟಿಕೊಂಡು ಮಾದರಿ ನೋಡಲು ಹೊರಟರು, ಬೀರು ಕೊಳ್ಳಲು ಹೊರಟವರ ಹಾಗೆ.

ಸ್ಮಶಾನವೆಂದರೆ ಸಾಮಾನ್ಯದ್ದೇ ಅದು? ಟಿಕೆಟ್ಟಿದೆ, ನಕ್ಷೆಯಿದೆ, ಫೋಟೋ ತೆಗೆಯುವವರ ಗುಂಪಿದೆ. ಒಬ್ಬೊಬ್ಬ ದೊಡ್ಡಮನುಷ್ಯನಿಗೂ ಅಮೃತಶಿಲೆಯ ಮಹಲು. ಪಕ್ಕದವನಿಗಿಂತ ಒಂದು ಗೇಣಾದರೂ ಎತ್ತರವಿರಬೇಕೆಂದು ಬದುಕಿದ್ದಾಗ ಗುದ್ದಾಡಿದವರು ಸತ್ತ ಮೇಲೂ ಚಾಳಿ ಬಿಟ್ಟಿಲ್ಲ. ಪ್ರತಿಯೊಬ್ಬನ ಪ್ರತಿಮೆಯ ಕಾಲಬುಡದಲ್ಲೂ ಅಳುವ ಕಲ್ಲಿನ ಹೆಂಗಸೊಬ್ಬಳು. ಅದೇ ಅಲ್ಲಿಯ ವಾಡಿಕೆ: ಗಂಡ ಎದೆಯುಬ್ಬಿಸಿ ನಿಂತಿರಬೇಕು, ಹೆಂಡತಿ ಕೂತು ಅಳಬೇಕು.

ಎಲ್ಲಕ್ಕಿಂತ ಎತ್ತರದ ಸಮಾಧಿಯ ಮುಂದೆ ನಿಂತು ಭಾವ "ಇಂಥದ್ದೇ ಇರಲಿ" ಎಂದರು. ಶಿಲ್ಪಿ ಫೋಟೋ ನೋಡಿ ಕೆತ್ತುವವನಲ್ಲ, ಅವನಿಗೆ ಮುಖ ಎದುರಿಗೇ ಬೇಕು. ಅಕ್ಕನನ್ನು ಮೆಟ್ಟಿಲ ಮೇಲೆ ಕೂರಿಸಿ, ಪೆನ್ಸಿಲ್ ಹಿಡಿದು, "ಅಮ್ಮಾ, ಸ್ವಲ್ಪ ಅಳಿ" ಎಂದ.

ಅಕ್ಕ ಪಾಪ, ಪ್ರಯತ್ನಪಟ್ಟಳು. ಹುಬ್ಬು ಗಂಟಿಕ್ಕಿದಳು, ಮೂಗು ಸೊರಸೊರ ಎಳೆದುಕೊಂಡಳು. ಒಂದು ಹನಿ ಬಂದಿದ್ದರೆ ಕೇಳಿ.

"ಮನೇಲಿ ಮಾತೆತ್ತಿದ್ರೆ ಗಳಗಳ ಅಳ್ತೀಯ," ಭಾವ ಸಿಡುಕಿದರು. "ಒಂದು ಒಳ್ಳೆ ಕೆಲಸಕ್ಕೆ ಅಳು ಅಂದ್ರೆ ಬರಲ್ವಾ ನಿಂಗೆ?"

ನನ್ನ ಮೈ ಉರಿದುಹೋಯಿತು. ಈ ಮನುಷ್ಯನ ಕಾಲಡಿ ಇಷ್ಟು ವರ್ಷ ಬಾಳಿದ್ದು ಸಾಲದೆಂದು ಅವಳು ಕಲ್ಲಾಗಿಯೂ ಅಲ್ಲೇ ಕೂರಬೇಕೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಕೇಳಿದಳು.

"ರೀ, ನಾನೇ ಮೊದಲು ಹೋದ್ರೆ?"

"ಹೋದ್ರೇನೀಗ? ಕಲ್ಲಲ್ಲಿ ಅಳ್ತಾನೇ ಇರ್ತೀಯಲ್ಲ."

"ಅಂದ್ರೆ ನಾನು ಇರಲೇಬೇಕು ಅಂತೇನಿಲ್ಲ."

"ಇಲ್ಲ ಕಣೇ. ಒಂದ್ಸಲ ಕೆತ್ತಿದ್ರೆ ಮುಗೀತು."

ಅಕ್ಕ ಎದ್ದು ಬಟ್ಟೆಯ ಧೂಳು ಕೊಡವಿಕೊಂಡು ಶಿಲ್ಪಿಗೆ ಹೇಳಿದಳು: "ನಿಮಗೆ ತೋಚಿದ ಮುಖ ಕೆತ್ತಿಬಿಡಿ. ಇವರ ಕಾಲ ಹತ್ರ ಕೂರೋಕೆ ಆ ಕಲ್ಲಿನವಳು ಬರ್ತಾಳಲ್ಲ, ನಾನು ಈ ನನ್ನ ತಂಗಿ ಮನೆಗೆ ಹೋಗ್ತೀನಿ."

ಭಾವನಿಗೆ ಇನ್ನೂ ತಲೆಗೆ ಹೋಗಿರಲಿಲ್ಲ. "ಎಷ್ಟು ದಿನಕ್ಕೆ?" ಎಂದರು.

"ಕಲ್ಲು ಸವೆಯೋವರೆಗೆ."

ಭಾವನನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಗೇಟು ದಾಟಿ ರಸ್ತೆಗೆ ಬಂದೆವು. ಪಕ್ಕಕ್ಕೆ ತಿರುಗಿ ನೋಡಿದರೆ ಅಕ್ಕ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಶಿಲ್ಪಿಯನ್ನು ಕರೆಯಲು ನನಗೇನು ಹುಚ್ಚೇ? ಕೈ ಹಿಡಿದುಕೊಂಡು ಬೇಗಬೇಗ ಬಸ್ಸು ಹತ್ತಿಸಿದೆ.